ನೋಡಿ ಬರೆದ ಅಕ್ಷರ

ಮಗಳ ನೋಟ್‌ಬುಕ್ಕನ್ನು ಅವಳು ಯಾವಾಗಲೂ ಹಿಂದಿನಿಂದ ನೋಡುತ್ತಿದ್ದಳು. ಹಾಳೆ ಮಗುಚಿ, ಬರೆದ ಮೈ ಕೆಳಗೆ ಮಾಡಿ, ಖಾಲಿ ಬೆನ್ನಿನ ಮೇಲೆ ಬೆರಳಾಡಿಸುವುದು. ಪೆನ್ಸಿಲ್ ಒತ್ತಿದ ಕಡೆಯೆಲ್ಲ ಹಾಳೆ ಸಣ್ಣಗೆ ಉಬ್ಬಿರುತ್ತಿತ್ತು. ಆ ಉಬ್ಬು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಸಮ. ಎಲ್ಲೂ ಜಾರಿಲ್ಲ, ಎಲ್ಲೂ ಹೆಚ್ಚು ಒತ್ತಿಲ್ಲ. ಕಲ್ಲಿನ ಕೆಲಸದವರ ಮನೆಯಲ್ಲಿ ಒಳ್ಳೆಯ ಅಕ್ಷರ ಎಂದರೆ ಅದೇ. ಅವಳಿಗೆ ಓದು ಬಾರದು, ಗಂಡನಿಗೂ ಬಾರದು. ಎದೆ ಸೀಳಿದರೆ ಎರಡಕ್ಷರ ಸಿಗದ ಜೋಡಿ. ಆದರೂ ಅಕ್ಷರದ ಮಾತು ಆ ಮನೆಯಲ್ಲಿ ನಡೆದಷ್ಟು ಯಾವ ಮೇಷ್ಟರ ಮನೆಯಲ್ಲೂ ನಡೆಯುತ್ತಿರಲಿಲ್ಲ.

ಯಾಕೆಂದರೆ ಗಂಡ ಅಕ್ಷರ ಕೆತ್ತುವವನು. ಊರಿನ ಅಂಚಿನಲ್ಲಿ ತಗಡಿನ ಶೆಡ್ಡು. ಲಾರಿಯಲ್ಲಿ ಚಪ್ಪಡಿ ಬರುತ್ತದೆ. ಗೋರಿಯ ಕಲ್ಲು, ಮನೆ ಮುಂದಿನ ಹೆಸರಿನ ಕಲ್ಲು, ದೊಡ್ಡವರು ಬಂದು ಪರದೆ ಸರಿಸುವ ಕಲ್ಲು. ಗಿರಾಕಿ ಚೀಟಿ ಕೊಡುತ್ತಾನೆ. ಚೀಟಿಯಲ್ಲಿದ್ದದ್ದನ್ನು ಓದುಬಲ್ಲ ಪೇಂಟರ್ ಮಾವ ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೆ ದೊಡ್ಡದಾಗಿ ಬರೆಯುತ್ತಾನೆ. ಆ ಗೆರೆ ಹಿಡಿದುಕೊಂಡು ಗಂಡ ಉಳಿಯಿಟ್ಟು ಕೆತ್ತುತ್ತಾನೆ. ಇಪ್ಪತ್ತು ವರ್ಷ ಹೀಗೇ. ಅಕ್ಷರಗಳ ಹೆಸರು ಅವನಿಗೆ ಗೊತ್ತಿರಲಿಲ್ಲ, ಅದಕ್ಕೆ ತಾನೇ ಹೆಸರಿಟ್ಟಿದ್ದ. ಒಂದು ಬಸುರಿ, ಒಂದು ಕೊಕ್ಕೆ, ಒಂದು ಗೂನ, ಇನ್ನೊಂದು ಬಾಲಮುರುಕ. "ಈ ಬಾಲಮುರುಕ ಇದಾನಲ್ಲ, ಮಹಾ ಕಳ್ಳ. ಕೊನೇ ಪೆಟ್ಟಲ್ಲಿ ಚೂರು ಹಾರಿಸ್ಬಿಡ್ತಾನೆ" ಎಂದು ಊಟಕ್ಕೆ ಕೂತಾಗ ಬೈಯುತ್ತಿದ್ದ. ಯಾರ ಗೋರಿ, ಯಾರ ಮನೆ, ಪರದೆ ಸರಿಸಿದವನು ಯಾವನು, ಅವನಿಗೆ ತಿಳಿಯದು. ಊರಿಗೆ ಊರೇ ಅವನು ಕೆತ್ತಿದ್ದನ್ನು ಓದುತ್ತಿತ್ತು. ಕೆತ್ತಿದವನು ಕಲ್ಲಿನ ಪುಡಿ ಕುಡಿದು ಕೆಮ್ಮುತ್ತಿದ್ದ.

ಅವಳದು ಪಾಲಿಶ್ ಕೆಲಸ. ಚಪ್ಪಡಿಯ ಮೇಲೆ ನೀರು ಚೆಲ್ಲಿ, ಕುಕ್ಕರುಗಾಲಲ್ಲಿ ಕೂತು, ಒರಟು ಉಜ್ಜುಗಲ್ಲಿನಿಂದ ತಿಕ್ಕಬೇಕು. ಆಮೇಲೆ ಅದಕ್ಕಿಂತ ನುಣುಪಾದದ್ದು, ಆಮೇಲೆ ಇನ್ನೂ ನುಣುಪಾದದ್ದು, ಕಲ್ಲಿನಲ್ಲಿ ಮುಖ ಕಾಣುವವರೆಗೆ. ದಿನಕ್ಕೆ ಹತ್ತು ಗಂಟೆ. ಕಲ್ಲು ಸವೆಯುವಾಗ ಕೈ ಮಾತ್ರ ಉಳಿಯುತ್ತದೆಯೇ? ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಮಗಳನ್ನು ಸ್ಕೂಲಿಗೆ ಸೇರಿಸಿದ ದಿನ ಗುಮಾಸ್ತ ಅವಳ ಹೆಬ್ಬೆರಳಿಗೆ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿದ. ಮಸಿಯ ಬೊಟ್ಟು ಬಿತ್ತೇ ಹೊರತು ಗೆರೆ ಬೀಳಲಿಲ್ಲ. ಮೂರು ಸಲ ಒತ್ತಿದ. "ಏನಮ್ಮಾ, ಸಹಿ ಬರಲ್ಲ ಅಂತೀಯ, ಹೆಬ್ಬೆಟ್ಟೂ ಬರಲ್ವಲ್ಲ. ನೀನು ಇದೀಯೋ ಇಲ್ವೋ?" ಎಂದ. ಸಾಲಿನಲ್ಲಿ ನಿಂತವರು ನಕ್ಕರು. ಅವಳೂ ನಕ್ಕಳು. ನಗದೆ ಅಲ್ಲಿ ಮಾಡುವುದಾದರೂ ಏನಿತ್ತು.

ಸ್ಕೂಲಿಗೆ ಸೇರಿಸುವ ಹಿಂದಿನ ವರ್ಷ ಗಂಡನ ತಾಯಿ ಸತ್ತಿದ್ದಳು. ಮುದುಕಿ ನಲವತ್ತು ವರ್ಷ ತಲೆಯ ಮೇಲೆ ಜಲ್ಲಿ ಹೊತ್ತವಳು. ನೆತ್ತಿಯ ನಡುವೆ ಅಂಗೈಯಗಲ ಕೂದಲೇ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಗಂಡ ಶೆಡ್ಡಿನ ಯಜಮಾನನ ಕೈಕಾಲು ಹಿಡಿದು, ಅಲ್ಲಿನ ಮೂಲೆಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ತುಂಡುಗಲ್ಲೊಂದನ್ನು ಮನೆಗೆ ಹೊತ್ತು ತಂದ. ಊರವರ ಸತ್ತವರಿಗೆಲ್ಲ ಹೆಸರು ಕೆತ್ತಿದವನು ತನ್ನ ತಾಯಿಯ ಹೆಸರನ್ನು ಕೆತ್ತಲಾರ. ಯಾರಾದರೂ ಬರೆದುಕೊಡಬೇಕು. "ನಾನು ಬರ್ಕೊಡ್ತೀನಿ ಬಾರೋ" ಎಂದು ಪೇಂಟರ್ ಮಾವ ತಾನಾಗಿಯೇ ಹೇಳಿದ. ಇವನು ಒಪ್ಪಲಿಲ್ಲ.

"ಬೇಡ ಮಾವ. ಕೂಸು ಬರೋ ವರ್ಷ ಸ್ಕೂಲಿಗೆ ಹೋಗ್ತಾಳಲ್ಲ. ಮೂರನೇ ಕ್ಲಾಸಿಗೆ ಬರ್ಲಿ. ಅಜ್ಜಿ ಹೆಸ್ರು ಮೊಮ್ಮಗಳೇ ಬರೀಲಿ. ನಮ್ಮನೆ ಅಕ್ಷರ, ನಮ್ಮನೆ ಕಲ್ಲು."

ಕೂಸು ಎಂದರೆ ಅವರ ಒಬ್ಬಳೇ ಮಗಳು, ಮನೆಯಲ್ಲಿ ಕರೆಯುವುದೇ ಹಾಗೆ. ಅಂದಿನಿಂದ ಆ ಕಲ್ಲು ಬಾಗಿಲ ಹಿಂದೆ ಕಾಯುತ್ತ ನಿಂತಿತ್ತು. ಬಿಡುವು ಸಿಕ್ಕಾಗೆಲ್ಲ ಕೂಸಿನ ತಾಯಿ ಅದನ್ನು ಉಜ್ಜುತ್ತಿದ್ದಳು. ಯಜಮಾನನ ಇಡೀ ಶೆಡ್ಡಿನಲ್ಲಿ ಅಷ್ಟು ಹೊಳೆಯುವ ಕಲ್ಲು ಇನ್ನೊಂದಿರಲಿಲ್ಲ.

ಕೂಸು ಸ್ಕೂಲಿನಿಂದ ಬಂದರೆ ದಿನವೂ ಒಂದೇ ಪ್ರಶ್ನೆ.

"ಇವತ್ತೇನು ಕಲಿಸಿದ್ರು?"

"ಮೋಡ."

"ಮೋಡ ಅಂದ್ರೆ?"

"ಮೋಡ. ಬಾಣ ಹಾಕಿರ್ತಾರೆ, ಕೆಳಗಿಂದ ಮೇಲಕ್ಕೆ. ಆಮೇಲೆ ಮೇಲಿಂದ ಕೆಳಕ್ಕೆ."

ಇನ್ನೊಂದು ದಿನ ಎಲೆ. ಮತ್ತೊಂದು ದಿನ ಹಲ್ಲು. ಒಂದು ವಾರವಿಡೀ ಬರೀ ಮೂಳೆ. ತಾಯಿಗೆ ಅಷ್ಟೇ ಸಾಕಾಗಿತ್ತು. ತನಗೆ ಎಂಟು ವರ್ಷವಾದಾಗ ತಲೆಯ ಮೇಲೆ ಬುಟ್ಟಿ ಕೂತಿತ್ತು. ಮಗಳ ತಲೆಯೊಳಗೆ ಮೋಡ, ಎಲೆ, ಮೂಳೆ ಕೂರುತ್ತಿವೆ ಎಂದುಕೊಂಡಳು. ನೋಟ್‌ಬುಕ್ಕಿನ ತುಂಬ ಕೆಂಪು ಶಾಯಿಯ ಸರಿ ಗುರುತು. ವರ್ಷದ ಕೊನೆಗೆ ಪಾಸು. ಪೇಂಟರ್ ಮಾವನ ಕೈ ನಡುಗಲು ಶುರುವಾದ ಮೇಲಂತೂ ರಜಾದಿನಗಳಲ್ಲಿ ಕೂಸೇ ಶೆಡ್ಡಿಗೆ ಬಂದು, ಚೀಟಿ ಪಕ್ಕಕ್ಕಿಟ್ಟುಕೊಂಡು, ಕಲ್ಲಿನ ಮೇಲೆ ಬರೆದುಕೊಡತೊಡಗಿದಳು. ಮುತ್ತು ಪೋಣಿಸಿದ ಹಾಗೆ. ಯಜಮಾನ ಅದರ ಮುಂದೆ ನಿಂತು "ಎಲಾ ಇವಳ!" ಎನ್ನುತ್ತಿದ್ದ. ಗಂಡ ಕೆಮ್ಮಿನ ನಡುವೆಯೇ ನಗುತ್ತಿದ್ದ. "ಥೇಟ್ ನನ್ನ ಹಾಗೇ. ನನ್ನ ಕೈಯೇ ಬಂದಿದೆ ಅವಳಿಗೆ."

ಮೂರನೇ ಕ್ಲಾಸು ಶುರುವಾಗಿ ನಾಲ್ಕು ತಿಂಗಳಾಗಿತ್ತು. ಒಂದು ರಜಾದಿನ ಬೆಳಿಗ್ಗೆ ಗಂಡ ಸ್ನಾನ ಮಾಡಿ ಒಗೆದ ಅಂಗಿ ಹಾಕಿಕೊಂಡ. ಬಾಗಿಲ ಹಿಂದಿನ ಕಲ್ಲನ್ನು ಅಂಗಳಕ್ಕೆ ತಂದ. ಮಗುವನ್ನು ಮಲಗಿಸಿದ ಹಾಗೆ ಗೋಣಿತಾಟಿನ ಮೇಲೆ ಮಲಗಿಸಿದ. ಜೇಬಿನಿಂದ ಹೊಸ ಸೀಮೆಸುಣ್ಣ ತೆಗೆದು ಮಗಳ ಕೈಗಿಟ್ಟ.

"ಬಾ ಮಗಾ. ಅಜ್ಜಿ ಹೆಸ್ರು ಬರಿ."

ಕೂಸು ಕಲ್ಲಿನ ಮುಂದೆ ಮಂಡಿಯೂರಿದಳು. ಸೀಮೆಸುಣ್ಣದ ತುದಿಯನ್ನು ನೆಲಕ್ಕೆ ತಿಕ್ಕಿ ಚೂಪು ಮಾಡಿಕೊಂಡಳು. ಪೇಂಟರ್ ಮಾವ ಮಾಡುವಂತೆ ಒಂದು ಕಣ್ಣು ಮುಚ್ಚಿ ಅಳತೆ ನೋಡಿದಳು. ಆಮೇಲೆ ತಲೆಯೆತ್ತಿ ಅಪ್ಪನ ಕಡೆ ಎಡಗೈ ಚಾಚಿದಳು.

"ಚೀಟಿ ಕೊಡಪ್ಪ."

"ಯಾವ ಚೀಟಿ?"

"ನೋಡ್ಕೊಂಡು ಬರಿಯೋಕೆ."

"ಚೀಟಿ ಯಾಕೆ ಮಗಾ? ನಿಂಗೆ ಅಜ್ಜಿ ಹೆಸ್ರು ಗೊತ್ತಲ್ವಾ?"

"ಗೊತ್ತು."

"ಹೇಳು, ಕೇಳೋಣ."

ಹೇಳಿದಳು. ಸರಿಯಾಗಿಯೇ ಹೇಳಿದಳು.

"ಹ್ಞಾಂ. ಅದನ್ನೇ ಬರಿ."

"ಅದು ಹೆಂಗಿರತ್ತೆ ಅಂತ ನಾನು ನೋಡಿಲ್ವಲ್ಲಪ್ಪ."

ಅಪ್ಪ ನಕ್ಕ. ಹುಡುಗಿ ಚೇಷ್ಟೆ ಮಾಡುತ್ತಿದ್ದಾಳೆಂದುಕೊಂಡ. ತಾಯಿ ನಗಲಿಲ್ಲ. ಒಳಗೆ ಹೋಗಿ ನೋಟ್‌ಬುಕ್ ತಂದಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಇದೇನು ಕೂಸೇ?"

"ನಾನು ಬರ್ದಿದ್ದು."

"ಏನಂತ ಬರ್ದಿದೀಯ?"

"ಬೋರ್ಡಲ್ಲಿ ಇದ್ದಿದ್ದು."

ಇನ್ನೊಂದು ಪುಟ ತೆಗೆದಳು. ಅದೂ ಬೋರ್ಡಲ್ಲಿ ಇದ್ದದ್ದು. ಅದರ ಮುಂದಿನದೂ. ನೋಟ್‌ಬುಕ್ ಮುಗಿಯಿತು. ಎಲ್ಲ ಬೋರ್ಡಲ್ಲಿ ಇದ್ದದ್ದೇ. ಅಪ್ಪ ಮುಂದೆ ಬಗ್ಗಿ, ದಪ್ಪ ಉಗುರಿನಿಂದ ಒಂದೇ ಒಂದು ಅಕ್ಷರ ತೋರಿಸಿದ.

"ಇದಕ್ಕೆ ಏನಂತಾರೆ ಮಗಾ?"

ಕೂಸಿನ ಮುಖ ಅರಳಿತು. ಇದು ಗೊತ್ತಿತ್ತು.

"ಬಸುರಿ."

"ಇದು?"

"ಗೂನ. ಇದು ಕೊಕ್ಕೆ. ಇದು ಬಾಲಮುರುಕ, ಮಹಾ ಕಳ್ಳ."

ಗಂಡ ಕಲ್ಲಿನ ಪಕ್ಕದಲ್ಲಿ ನೆಲಕ್ಕೆ ಕೂತುಬಿಟ್ಟ. ಒಗೆದ ಅಂಗಿಗೆ ಮಣ್ಣು ಹತ್ತಿತು. ಆಮೇಲೆ ಹೆಂಡತಿಯ ಮುಖ ನೋಡದೆ ಹೇಳಿದ.

"ಥೇಟ್ ನನ್ನ ಹಾಗೇ ಆದ್ಲಲ್ಲೇ."

ಮಾರನೆಯ ದಿನ ಅವಳು ಅರ್ಧ ದಿನದ ಕೆಲಸ ಬಿಟ್ಟು ಸ್ಕೂಲಿಗೆ ಹೋದಳು. ಕೈ ತೊಳೆದುಕೊಂಡೇ ಹೋದಳು. ಆದರೂ ಕೂದಲಲ್ಲಿ, ಹುಬ್ಬಿನಲ್ಲಿ ಬಿಳಿ ಪುಡಿ ಇದ್ದೇ ಇತ್ತು. ಅದು ಹೋಗುವಂಥದ್ದಲ್ಲ. ಕೂಸಿಗೂ ಸ್ಕೂಲಲ್ಲಿ ಬಿಳಿಮಂಡೆ ಎಂದೇ ಹೆಸರು.

ಮೂರನೇ ಕ್ಲಾಸಿನ ಬಾಗಿಲು ಮುಚ್ಚಿತ್ತು. ಒಳಗೆ ಮಕ್ಕಳು ಒಟ್ಟಾಗಿ ಏನೋ ಕೂಗಿ ಹೇಳುತ್ತಿದ್ದರು. ಹೊರಗೆ ವರಾಂಡದ ನೆಲದ ಮೇಲೆ ಕೂಸು ಬೋರಲು ಮಲಗಿದ್ದಳು. ಮುಂದೆ ದೊಡ್ಡ ಬಿಳಿ ಹಾಳೆ. ಪಕ್ಕದಲ್ಲಿ ನಾಲ್ಕು ಬಣ್ಣದ ಪೆನ್ನು, ಒಂದು ಚೀಟಿ. ಚೀಟಿ ನೋಡುವಳು, ಒಂದು ಗೆರೆ ಎಳೆಯುವಳು. ಮತ್ತೆ ನೋಡುವಳು, ಮತ್ತೊಂದು ಗೆರೆ. ಮೂಲೆಯಲ್ಲಿ ಇನ್ನೂ ಮೂರು ಹಾಳೆ ಸುರುಳಿ ಸುತ್ತಿ ಇಟ್ಟಿದ್ದರು. ಬೇರೆ ಕ್ಲಾಸಿನವು. ಅವೂ ಅವಳಿಗೇ ಕಾಯುತ್ತಿದ್ದವು. ಹುಡುಗಿ ಎಷ್ಟು ಮುಳುಗಿದ್ದಳೆಂದರೆ ತಾಯಿ ಬಂದು ತಲೆಯ ಹತ್ತಿರ ನಿಂತದ್ದೂ ತಿಳಿಯಲಿಲ್ಲ.

ಟೀಚರ್ ಬಾಗಿಲು ತೆರೆದು ಹೊರಗೆ ಬಂದಳು.

"ಓ, ಬಿಳಿಮಂಡೆ ಅಮ್ಮನಾ? ಬಾ ಬಾ. ನಿನ್ನ ಮಗಳ ಕೈ ಚಿನ್ನ ಕಣಮ್ಮ."

"ಅವಳು ಹೊರಗ್ಯಾಕೆ ಟೀಚರ್?"

"ಚಾರ್ಟ್ ಬರೀತಿದಾಳೆ. 'ಈ ವಾರ ನಾವು ಕಲಿತದ್ದು' ಅಂತ. ಪ್ರತಿ ವಾರ ಗೋಡೆಗೆ ಹಾಕ್ಬೇಕು. ಸ್ಕೂಲು ತಪಾಸಣೆಗೆ ಬರೋರು ಮೊದ್ಲು ನೋಡೋದೇ ಅದನ್ನ."

"ಮತ್ತೆ ಅವಳು ಕಲಿಯೋದು ಯಾವಾಗ?"

"ಇದೂ ಕಲಿಕೆನೇ ಅಲ್ವಾ?"

"ಅವಳಿಗೆ ಓದೋಕೆ ಬರಲ್ಲ ಟೀಚರ್. ಒಂದಕ್ಷರನೂ ಬರಲ್ಲ."

ಗೊತ್ತಿರಲಿಲ್ಲ ಎಂದಾದರೂ ಟೀಚರ್ ಹೇಳುತ್ತಾಳೆಂದು ತಾಯಿ ಕಾದಳು. ಅಯ್ಯೋ ಹೌದಾ ಎನ್ನುತ್ತಾಳೆಂದು ಕಾದಳು. ಟೀಚರ್ ಅಷ್ಟು ಸುಳ್ಳನ್ನೂ ಹೇಳಲಿಲ್ಲ.

"ಗೊತ್ತು" ಎಂದಳು. "ಒಂದನೇ ಕ್ಲಾಸಲ್ಲಿ ಇವಳ ಕೆಮ್ಮು ನೋಡಿ ಬೇರೆ ಮಕ್ಕಳ ಮನೆಯೋರು ಗಲಾಟೆ ಮಾಡಿದ್ರು. ಬಾಗಿಲ ಹೊರಗೆ ಕೂರಿಸಿದ್ರು. ಅಲ್ಲೇ ಹಿಂದೆ ಬಿದ್ಲು. ನನ್ನ ಹತ್ರ ಬರೋ ಹೊತ್ತಿಗೆ ಕೈ ಮೀರಿತ್ತು. ಐವತ್ತೆರಡು ಮಕ್ಕಳು ನಂಗೆ. ಮೂರನೇ ಕ್ಲಾಸಲ್ಲಿ ಕೂತು ಅ ಆ ಇ ಈ ತಿದ್ದಿಸ್ಲಾ?"

"ಪಾಸು ಮಾಡಿದ್ರಲ್ಲ?"

"ಎಲ್ಲರನ್ನೂ ಮಾಡ್ತೀವಿ."

"ಒಳಗೆ ಕೂರಿಸಿ ಟೀಚರ್. ನಿಮ್ಮ ಕಾಲಿಗೆ ಬೀಳ್ತೀನಿ."

ಟೀಚರ್ ದನಿ ತಗ್ಗಿಸಿದಳು. ಬುದ್ಧಿ ಹೇಳುವ ದನಿ. "ನೋಡಮ್ಮ, ಒಳಗೆ ಕೂರಿಸಿದ್ರೆ ಅವಳಿಗೆ ಏನೂ ಅರ್ಥ ಆಗಲ್ಲ. ಇಲ್ಲಿ ಖುಷಿಯಾಗಿದಾಳೆ. ನಿನ್ನ ಗಂಡ ಇಪ್ಪತ್ತು ವರ್ಷ ಓದು ಬರದೇನೇ ಅಕ್ಷರ ಕೆತ್ತಿಲ್ವಾ? ಒಂದು ದಿನ ಅನ್ನಕ್ಕೆ ತಪ್ಪಿದೆಯಾ?"

ಕಪಾಳಕ್ಕೆ ಹೊಡೆದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಇವರು ತನ್ನ ಮಗಳನ್ನೇ ಬುಡ ಮಾಡಿ ಅದರ ಮೇಲೆ ದೀಪ ಇಟ್ಟಿದ್ದರು. ಐವತ್ತೊಂದು ಮಕ್ಕಳು ಕಲಿತದ್ದನ್ನು ಬರೆಯುವುದು ಐವತ್ತೆರಡನೆಯವಳ ಕೆಲಸ. ಬರೆಯುತ್ತ ಕೂತದ್ದಕ್ಕೇ ಅವಳು ಕಲಿಯಲಿಲ್ಲ. ಮೋಡವೂ ಗೊತ್ತಿಲ್ಲ, ಮೂಳೆಯೂ ಗೊತ್ತಿಲ್ಲ. ಚೀಟಿಯಲ್ಲಿ ಬಿಡಿಸಿದ ಚಿತ್ರ ನೋಡಿ ದಿನಾ ಸಂಜೆ ತಾಯಿಗೆ ಒಂದು ಉತ್ತರ ತಂದುಕೊಡುತ್ತಿದ್ದಳು, ಅಷ್ಟೇ.

ತಾಯಿ ಹೆಡ್ಮಾಸ್ಟರ ಕೋಣೆಗೆ ಹೋದಳು. ಹೆಡ್ಮಾಸ್ಟರು ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು.

"ದೂರು ಇದ್ರೆ ಬರೆದು ಕೊಡಮ್ಮ. ಬಾಯಲ್ಲಿ ಹೇಳಿದ್ದಕ್ಕೆ ಲೆಕ್ಕ ಇಲ್ಲ."

"ನಂಗೆ ಬರಿಯೋಕೆ ಬರಲ್ಲ ಸಾರ್."

ಪಕ್ಕದ ಮೇಜಿನಿಂದ ಅದೇ ಗುಮಾಸ್ತ ತಲೆಯೆತ್ತಿದ. "ಮಗಳ ಕೈಲೇ ಬರೆಸು. ಅಕ್ಷರ ಚೆನ್ನಾಗಿದೆ."

ಇಬ್ಬರೂ ನಕ್ಕರು. ಈ ಸಲ ಅವಳು ನಗಲಿಲ್ಲ. ಹೊರಗೆ ಬಂದು, ಕೂಸಿನ ಪಕ್ಕದಲ್ಲಿ ಒಂದು ಗಳಿಗೆ ಕುಕ್ಕರಿಸಿದಳು. "ಅಮ್ಮಾ, ನೋಡು, ಹಸಿರಲ್ಲಿ ಬರ್ದೆ" ಎಂದಳು ಹುಡುಗಿ. ಚೆನ್ನಾಗಿತ್ತು. ನಿಜವಾಗಿಯೂ ಚೆನ್ನಾಗಿತ್ತು.

ಒಂದು ತಿಂಗಳೂ ಆಗಿರಲಿಲ್ಲ. ಹೆಡ್ಮಾಸ್ಟರು ಶೆಡ್ಡಿಗೆ ಬಂದರು. ಸ್ಕೂಲಿನಲ್ಲಿ ಹೊಸ ಕೋಣೆ ಕಟ್ಟಿದ್ದಾರಂತೆ, ದೊಡ್ಡವರೊಬ್ಬರು ಬಂದು ಪರದೆ ಸರಿಸುತ್ತಾರಂತೆ, ಬಾಗಿಲಷ್ಟು ಎತ್ತರದ ಕಲ್ಲು ಬೇಕಂತೆ. ಯಜಮಾನನ ಕೈಗೆ ಚೀಟಿ ಕೊಟ್ಟರು. "ಆ ಹುಡುಗಿ ಕೈಲೇ ಬರೆಸಿ. ಎರಡು ದಿನ ಅವಳು ಸ್ಕೂಲಿಗೆ ಬರೋದು ಬೇಡ. ಹಾಜರಿ ಹಾಕ್ಕೊಳ್ತೀವಿ" ಎಂದರು.

ತಾಯಿ ಕಲ್ಲು ಉಜ್ಜಿದಳು. ಬೇಡ ಎನ್ನಲು ಆಗಲಿಲ್ಲ. ಹೊಟ್ಟೆ ಎಂಬುದೊಂದಿದೆಯಲ್ಲ. ಮೊಣಕಾಲು ನೀರಿನಲ್ಲಿ, ಸೊಂಟ ಗಾಳಿಯಲ್ಲಿ, ಎರಡು ದಿನ ಉಜ್ಜಿದಳು. ಆಮೇಲೆ ಕೂಸು ಎರಡು ದಿನ ಆ ಕಲ್ಲಿನ ಮೇಲೆ ಹರಿದಾಡಿದಳು. ಅಷ್ಟು ದೊಡ್ಡ ಕಲ್ಲು ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ. ಊಟಕ್ಕೆ ಕರೆದರೂ ಬರಲಿಲ್ಲ. ಮೂಗಿನ ತುದಿಯಲ್ಲಿ ಸೀಮೆಸುಣ್ಣ, ತುಟಿ ಕಚ್ಚಿಕೊಂಡ ಹಲ್ಲು. ಒಂದು ಅಕ್ಷರ ಮುಗಿದಾಗ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, ತನ್ನಷ್ಟಕ್ಕೆ ತಾನೇ ತಲೆಯಾಡಿಸುತ್ತಿದ್ದಳು.

ಬರೆದು ಮುಗಿದ ದಿನ ತಾಯಿ ಪೇಂಟರ್ ಮಾವನನ್ನು ಕೇಳಿದಳು. "ಏನಂತ ಬರ್ದಿದೆ ಮಾವ ಇದ್ರಲ್ಲಿ?"

ಮಾವ ಓದಿದ. ಒಮ್ಮೆ ಮನಸ್ಸಿನಲ್ಲಿ ಓದಿದ. ಆಮೇಲೆ ಬೀಡಿ ಹುಡುಕುವವನ ಹಾಗೆ ಜೇಬು ತಡಕಾಡಿದ.

"ಬಿಡು, ಏನೋ ಒಂದು."

"ಹೇಳು ಮಾವ."

"'ಅಕ್ಷರ ಕಲಿಯದ ಮಗು ಈ ಶಾಲೆಯಲ್ಲಿ ಒಂದೂ ಇಲ್ಲ' ಅಂತ" ಎಂದ. "ಕೆಳಗೆ ಆ ದೊಡ್ಡ ಮನುಷ್ಯನ ಹೆಸ್ರು."

ಅವಳು ಬಕೆಟ್ಟಿನ ಪಕ್ಕದಲ್ಲಿ ಕೂತಳು. ಗಂಡನೂ ಕೇಳಿಸಿಕೊಂಡಿದ್ದ. ಅವನು ಉಳಿಯ ಮೊನೆಯನ್ನು ಅಂಗಿಯ ಅಂಚಿಗೆ ಒರೆಸುತ್ತಲೇ ಇದ್ದ. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಕೆತ್ತುವ ಮುಂಚೆ ನೋಡಿ ಒಪ್ಪಿಗೆ ಹೇಳಲು ಹೆಡ್ಮಾಸ್ಟರು ಅವತ್ತೇ ಮಧ್ಯಾಹ್ನ ಬಂದರು. ಜೊತೆಗೆ ಯಜಮಾನ. ಕಲ್ಲು ಕಡಿಯುವವರು, ಹೊರುವವರು, ಎಲ್ಲ ಕೆಲಸ ನಿಲ್ಲಿಸಿ ಸುತ್ತ ನಿಂತರು. ಹೆಡ್ಮಾಸ್ಟರು ಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. "ಭೇಷ್! ಅಚ್ಚು ಹಾಕಿದ ಹಾಗಿದೆ!" ಎಂದರು. ಕೂಸಿನ ತಲೆ ಸವರಲು ಕೈ ಚಾಚಿದವರು ಅಲ್ಲಿದ್ದ ಬಿಳಿ ಪುಡಿ ನೋಡಿ ಕೈ ಹಿಂದಕ್ಕೆಳೆದುಕೊಂಡರು.

ತಾಯಿ ಎದ್ದು ನಿಂತಳು. ಸೊಂಟದಲ್ಲಿ ಮೂಳೆ ಲಟಕ್ಕೆಂದಿತು.

"ಸಾರ್. ಅವಳ ಕೈಲಿ ಓದಿಸಿ."

"ಏನು?"

"ಅವಳು ಬರ್ದಿದ್ದನ್ನ ಅವಳ ಕೈಲೇ ಓದಿಸಿ. ನಿಮ್ಮ ಶಾಲೆ ಮಗು ಅಲ್ವಾ?"

"ಇವಳಿಗೇನಾಗಿದೆ?" ಎಂದು ಯಜಮಾನ ಗಂಡನ ಕಡೆ ತಿರುಗಿದ. ಗಂಡ ತಲೆ ತಗ್ಗಿಸಲಿಲ್ಲ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ತಾಯಿಗೆ ಕೂಸಿನ ಮುಖ ಕಾಣಲಿಲ್ಲ. ಕಾಣಬೇಕಿತ್ತು. ಕೋಪ ಕಣ್ಣಿಗೆ ಅಡ್ಡ ನಿಂತಿತ್ತು. "ಓದು ಮಗಾ" ಎಂದಳು. "ಹೆದರ್ಬೇಡ. ಏನ್ ಬರ್ದಿದೀಯ, ಓದಿ ಹೇಳು ಇವರಿಗೆ."

ಅಷ್ಟು ಜನ ತನ್ನನ್ನೇ ನೋಡುತ್ತಿದ್ದಾರೆ. ಇದುವರೆಗೆ ಎಲ್ಲರೂ ಹೊಗಳಿದ್ದಾರೆ. ಅಮ್ಮ ಕೇಳುತ್ತಿದ್ದಾಳೆ. ಗೊತ್ತಿಲ್ಲ ಎನ್ನುವುದು ಹೇಗೆ? ಕೂಸು ಕಲ್ಲಿನ ಹತ್ತಿರ ಹೋಗಿ, ಮೊದಲ ಅಕ್ಷರದ ಕೆಳಗೆ ಬೆರಳಿಟ್ಟು, ಕ್ಲಾಸಿನ ಮಕ್ಕಳು ಕೂಗಿ ಓದುವ ರಾಗದಲ್ಲೇ ಗಟ್ಟಿಯಾಗಿ ಶುರು ಮಾಡಿದಳು.

"ಬಸುರಿ. ಗೂನ. ಕೊಕ್ಕೆ. ಇನ್ನೊಂದು ಗೂನ..."

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ. ಹೆಡ್ಮಾಸ್ಟರು ಹೊಟ್ಟೆ ಕುಲುಕಿಸಿ ನಕ್ಕರು. ಯಜಮಾನ ಕಣ್ಣೀರು ಬರುವಷ್ಟು ನಕ್ಕ. ಕೂಸು ಬೆರಳು ಅಲ್ಲೇ ಇಟ್ಟುಕೊಂಡು ಹಿಂತಿರುಗಿ ನೋಡಿದಳು. ತಾನೇನೋ ಜಾಣತನದ ಮಾತು ಹೇಳಿದೆನೆಂದು ಅವಳೂ ಒಂದು ಗಳಿಗೆ ನಕ್ಕಳು. ಆಮೇಲೆ ಅಪ್ಪನ ಮುಖ ನೋಡಿದಳು. ನಗು ನಿಂತುಹೋಯಿತು.

ತಾಯಿ ಬಕೆಟ್ ಎತ್ತಿದಳು. ತುಂಬಿದ ಬಕೆಟ್ಟು. ಇಡೀ ನೀರನ್ನು ಕಲ್ಲಿನ ಮೇಲೆ ಎರಚಿದಳು. ಬಿಳಿ ಅಕ್ಷರಗಳು ಕರಗಿ ಇಳಿಯತೊಡಗಿದವು. ಸಾಲಲಿಲ್ಲ ಅವಳಿಗೆ. ಎರಡೂ ಅಂಗೈ ಚಾಚಿ ಉಜ್ಜಿದಳು. ಮೇಲಿನ ಸಾಲು, ನಡುವಿನ ಸಾಲು, ದೊಡ್ಡ ಮನುಷ್ಯನ ಹೆಸರು.

"ಏ! ಏ! ಹಿಡೀರೋ ಅವಳನ್ನ!"

ಅವಳನ್ನು ಹಿಡಿದದ್ದು ಕೂಸು. ಓಡಿ ಬಂದು ತಾಯಿಯ ಕೈಗೆ ಜೋತುಬಿದ್ದಳು. "ಅಳಿಸ್ಬೇಡಮ್ಮಾ! ನಂದು ಅದು! ನಂದಮ್ಮಾ!" ತಾಯಿ ನಿಲ್ಲಿಸಲಿಲ್ಲ. ಹುಡುಗಿ ಕೈಯನ್ನು ಕಚ್ಚಿದಳು. ಹಲ್ಲು ನಾಟಿತು, ರಕ್ತ ಬಂತು. ತಾಯಿಗೆ ತಿಳಿಯಲೂ ಇಲ್ಲ. ಕಲ್ಲು ಬರಿದಾದ ಮೇಲೆಯೇ ಕೈ ತೆಗೆದಳು.

"ಸುಳ್ಳಿಗೆ ನಾನು ಪಾಲಿಶ್ ಹಾಕಲ್ಲ" ಎಂದಳು. "ನೀವು ಬೇಕಾದ್ರೆ ನನ್ನ ತಲೆ ಮೇಲೆ ಈ ಕಲ್ಲು ಎತ್ತಿ ಹಾಕಿ."

ಯಜಮಾನ ಗಂಡನಿಗೆ ಹೇಳಿದ. "ಮಗಳ ಕೈಲಿ ಮತ್ತೆ ಬರೆಸೋ. ಈಗಲೇ. ಇಲ್ಲಾಂದ್ರೆ ನೀನು ಈ ಶೆಡ್ಡಿನ ಮೆಟ್ಲು ಹತ್ತೋದು ಬೇಡ."

ಗಂಡ ಉಳಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದ. ಸುತ್ತಿಗೆ ಹಾಕಿದ. ಚೀಲದ ಬಾಯಿ ಕಟ್ಟಿದ. "ಈ ಕಲ್ಲಿಗೆ ನನ್ನ ಉಳಿ ತಾಗಲ್ಲ" ಎಂದ. ಹೇಳಿ ಮುಗಿಸುವುದರೊಳಗೆ ಕೆಮ್ಮು ಬಂತು. ಆ ಕೆಮ್ಮಿನಲ್ಲೇ ಹೆಂಡತಿ ಮಗಳನ್ನು ಕರೆದುಕೊಂಡು ಹೊರಟ. ಯಾರೂ ದಾರಿಗೆ ಅಡ್ಡ ಬರಲಿಲ್ಲ. ಜೊತೆಗೂ ಯಾರೂ ಬರಲಿಲ್ಲ.

ಇದರಿಂದ ಯಾರಿಗೆ ಏನು ನಷ್ಟವಾಯಿತು? ಹೆಡ್ಮಾಸ್ಟರಿಗೆ ಆಗಲಿಲ್ಲ. ಪಕ್ಕದ ಊರಿನಲ್ಲಿ ಮೆಷಿನ್ನಿತ್ತು. ಅದು ಕೆಮ್ಮುವುದಿಲ್ಲ, ಓದಿ ತೋರಿಸು ಎನ್ನುವುದಿಲ್ಲ. ಅರ್ಧ ದಿನದಲ್ಲಿ ಅದೇ ಮಾತನ್ನು ಅದೇ ಕಲ್ಲಿನ ಮೇಲೆ ಕೊರೆದುಕೊಟ್ಟಿತು. ಅವಳೇ ಉಜ್ಜಿ ನುಣುಪು ಮಾಡಿದ ಕಲ್ಲು. ದೊಡ್ಡವರು ಪರದೆ ಸರಿಸಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ಕಲ್ಲು ಈಗಲೂ ಅಲ್ಲೇ ಇದೆ. ಹೋದವರು ಓದಬಹುದು.

ಗಂಡ ಹದಿನೈದು ದಿನ ಅಲೆದು, ಕೊನೆಗೆ ಅದೇ ಯಜಮಾನನ ಬಾಗಿಲಲ್ಲಿ ನಿಂತ. ಕೆತ್ತುವ ಕೆಲಸ ಕೊಡಲಿಲ್ಲ. ಚಪ್ಪಡಿ ಹೊರುವ ಕೆಲಸ ಕೊಟ್ಟ. ಅವಳು ಒಂದೂವರೆ ಗಂಟೆ ನಡೆದು ಹೋಗಬೇಕಾದ ಇನ್ನೊಂದು ಶೆಡ್ಡಿಗೆ ಸೇರಿದಳು. ಅಲ್ಲಿ ಪಾಲಿಶ್‌ಗೆ ನೀರಿನ ಜೊತೆ ಏನೋ ಪುಡಿ ಹಾಕುತ್ತಿದ್ದರು. ಬೇಗ ಹೊಳಪು ಬರುತ್ತಿತ್ತು. ಕೈ ಉರಿಯುತ್ತಿತ್ತು, ಆಮೇಲೆ ಉರಿಯುವುದೂ ನಿಂತಿತು.

ಒಂದು ಭಾನುವಾರ ಪೇಂಟರ್ ಮಾವ ಮನೆಗೆ ಬಂದ. ಯಾರೂ ಕರೆದಿರಲಿಲ್ಲ. ತುಂಡುಗಲ್ಲಿನ ಮುಂದೆ ಕೂತು ಮುದುಕಿಯ ಹೆಸರು ಬರೆಯಲು ನೋಡಿದ. ಕೈ ಒಂದು ಕಡೆ ಹೋದರೆ ಗೆರೆ ಇನ್ನೊಂದು ಕಡೆ ಹೋಯಿತು. ಅಳಿಸಿ ಬರೆದ. ಮತ್ತೆ ಅಳಿಸಿದ. ಚೀಟಿಯಲ್ಲಿ ಬರೆದು ಕೂಸಿನ ಮುಂದಿಟ್ಟರೆ, ಶೆಡ್ಡಿನ ಆ ದಿನದಿಂದ ಏನನ್ನೂ ಬರೆಯದ ಹುಡುಗಿ ಸೀಮೆಸುಣ್ಣ ಮುಟ್ಟಲಿಲ್ಲ. "ಬಿಡು ಮಾವ, ಅವಳು ಬದುಕಿದ್ದಾಗಲೂ ಯಾರೂ ಹೆಸರು ಹಿಡಿದು ಕರೀಲಿಲ್ಲ" ಎಂದ ಗಂಡ. ಆ ಕಲ್ಲು ಈಗ ಬಚ್ಚಲಲ್ಲಿದೆ. ಬಟ್ಟೆ ಒಗೆಯಲು ಚೆನ್ನಾಗಿದೆ, ನುಣುಪಲ್ಲವೇ, ನೂಲು ಕೀಳುವುದಿಲ್ಲ.

ಕೂಸನ್ನು ಮಾತ್ರ ಒಳಗೆ ಕೂರಿಸಿದರು. ಅದೊಂದು ಆಯಿತು. ಕೊನೆಯ ಬೆಂಚಿನ ಗೋಡೆ ಬದಿ. ಟೀಚರ್ ಅವಳನ್ನು ಹೊರಗೆ ಕಳಿಸುವುದಿಲ್ಲ, ಬೈಯುವುದಿಲ್ಲ, ಏನನ್ನೂ ಕೇಳುವುದಿಲ್ಲ. ಕಣ್ಣು ಆ ಬೆಂಚಿನವರೆಗೆ ಬಂದು ಅಲ್ಲಿಂದ ಹಿಂತಿರುಗುತ್ತದೆ. ಚಾರ್ಟು ಈಗ ಅಚ್ಚು ಹಾಕಿಸಿ ತರುತ್ತಾರಂತೆ. ಬಿಳಿಮಂಡೆ ಎಂದು ಯಾರೂ ಕರೆಯುವುದಿಲ್ಲ. ಈಗ ಮಕ್ಕಳು ಅವಳನ್ನು ಕರೆಯುವುದು ಬಸುರಿ ಎಂದು.

ನಿನ್ನೆ ಸಂಜೆ ತಾಯಿ ಕೆಲಸದಿಂದ ಬಂದು ಚಪ್ಪಲಿ ಬಿಟ್ಟಳು. ಕೂಸು ಹೊಸ್ತಿಲಲ್ಲಿ ಕೂತಿದ್ದಳು.

"ಇವತ್ತೇನು ಕಲಿಸಿದ್ರು?"

"ಗೊತ್ತಿಲ್ಲ."

"ಒಳಗೆ ಕೂತಿದ್ಯಲ್ಲ?"

"ಒಳಗೇ ಕೂತಿದ್ದೆ."

ತಾಯಿ ಪಕ್ಕದಲ್ಲಿ ಕೂತು ಚೀಲದಿಂದ ನೋಟ್‌ಬುಕ್ ತೆಗೆದಳು. ಒಳಗೆ ಕೂರಿಸಿದ ಮೇಲೆ ಕೊಂಡ ಹೊಸದು. ಹಾಳೆ ಮಗುಚಿ ಬೆನ್ನಿನ ಮೇಲೆ ಬೆರಳಾಡಿಸಿದಳು. ಏನೂ ಸಿಗಲಿಲ್ಲ. ಇನ್ನೊಂದು ಹಾಳೆ ಮುಟ್ಟಿದಳು. ಅವಳಿಗೆ ತನ್ನ ಕೈಯ ಮೇಲೇ ಅನುಮಾನ. ಮೊನ್ನೆ ಕೆಂಡದಂಥ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ್ದಳು, ಚರ್ಮ ಸುಟ್ಟ ವಾಸನೆ ಬಂದ ಮೇಲೆ ಗೊತ್ತಾಗಿತ್ತು. ಸಂಜೆಯ ಬೆಳಕಿನಲ್ಲಿ ಕಣ್ಣೂ ಅಷ್ಟಕ್ಕಷ್ಟೇ. ಮಗಳ ತೋರುಬೆರಳು ಹಿಡಿದು ಹಾಳೆಯ ಮೇಲಿಟ್ಟಳು.

"ನನ್ನ ಕೈ ಸತ್ತೋಗಿದೆ ಕೂಸೇ. ನೀನೇ ಮುಟ್ಟಿ ಹೇಳು. ಏನಾದ್ರೂ ಇದೆಯಾ?"

ಹುಡುಗಿ ಬೆರಳನ್ನು ಮೇಲಿಂದ ಕೆಳಗೆ ಮೆಲ್ಲಗೆ ಎಳೆದಳು, ತಾಯಿ ಮಾಡುತ್ತಿದ್ದ ಹಾಗೇ, ಸಾಲು ಸಾಲಾಗಿ. ಹಾಳೆ ತಿರುವಿದಳು. ಅದನ್ನೂ ಮುಟ್ಟಿ ನೋಡಿದಳು. ಮತ್ತೊಂದನ್ನೂ. ಕೊನೆಯ ಹಾಳೆಯವರೆಗೆ ಹೋದಳು. ಆಮೇಲೆ ನೋಟ್‌ಬುಕ್ ಮುಚ್ಚಿ ತಾಯಿಯ ಮಡಿಲಲ್ಲಿಟ್ಟಳು.

"ಏನೂ ಇಲ್ಲಮ್ಮ" ಎಂದಳು. "ಎಲ್ಲಾ ನುಣ್ಣಗಿದೆ."